ಗೃಹಸ್ಥರ ಮೋಟಾರು: ಹಳದಿ ದೀಪದ ಮಾತು

ಮಾಗಡಿಯ ನಮ್ಮ ಬಂಧುಗಳೊಬ್ಬರು ಕಳೆದ ತಿಂಗಳು ಬಹು ಚಿಂತೆಯಿಂದ ನಮ್ಮಲ್ಲಿಗೆ ಬಂದಿದ್ದರು. ವೃದ್ಧ ತಾಯಿಯವರನ್ನು ಚಿಕಿತ್ಸೆಗಾಗಿ ಹದಿನೈದು ದಿನಗಳಿಗೊಮ್ಮೆ ಬೆಂಗಳೂರಿಗೆ ಕರೆದೊಯ್ಯುವ ಅವರ ಮೋಟಾರು, ದಾರಿಯಲ್ಲಿ ಎರಡು ಬಾರಿ ತಾನಾಗಿ ನಿಂತುಹೋಗಿದ್ದಿತು. ಮುಂದಿನ ಫಲಕದಲ್ಲಿ ಯಂತ್ರದಾಕಾರದ ಹಳದಿ ದೀಪವು ಹತ್ತಿತ್ತು. ಕಾರ್ಯಾಗಾರವೊಂದರವರು ಉಪಕರಣವನ್ನು ಜೋಡಿಸಿ, 'ಪಿ ೦೩೪೦' ಎಂಬ ಸಂಕೇತವನ್ನೋದಿ, ಕ್ಯಾಮ್ ದಂಡದ ಸೆನ್ಸರನ್ನು ಬದಲಾಯಿಸಿದರು. ನಾಲ್ಕನೆಯ ದಿನ ದೀಪವು ಪುನಃ ಹತ್ತಿತು. ಇನ್ನು ಗಾಡಿಯ ಗಣಕವನ್ನೇ ಬದಲಾಯಿಸಬೇಕೆಂದರಂತೆ. ಅದರ ಬೆಲೆಯೋ, ಇವರ ಒಂದು ಬೆಳೆ ರೇಷ್ಮೆಗೂಡಿನ ಹುಟ್ಟುವಳಿ!

ಇಲ್ಲಿ ಸಂಕೇತವನ್ನು ತಪ್ಪಾಗಿ ಓದಿರಲಿಲ್ಲ; ಅರ್ಧ ಓದಿದ್ದರು. ಪಿ ೦೩೪೦ ಎಂಬುದು ಸೆನ್ಸರು ಕೆಟ್ಟಿತೆಂದು ಹೇಳುವುದಿಲ್ಲ, ಅದರ ವಿದ್ಯುನ್ಮಂಡಲದಲ್ಲಿ ದೋಷವಿದೆಯೆಂದು ಹೇಳುತ್ತದೆ. ಸೆನ್ಸರು, ತಂತಿ, ಕೊಂಡಿ, ಗಣಕ ಇವೆಲ್ಲವೂ ಆ ಮಂಡಲದಲ್ಲಿ ಸೇರಿದವೇ. ಹುಳು ಮೇವು ಬಿಟ್ಟರೆ ರಾಮನಗರದ ಕಡೆಯ ಸಾಕಣೆಗಾರನು ಸೊಪ್ಪು ಒದ್ದೆಯೋ, ಮನೆ ಸೆಕೆಯೋ ಎಂದು ಮೊದಲು ನೋಡುವನಲ್ಲವೆ?

ಬಿಡದಿಯ ಟೊಯೋಟ ಕಾರ್ಖಾನೆಯಲ್ಲಿ ೧೯೯೯ರಿಂದ ಗಾಡಿಗಳು ತಯಾರಾಗುತ್ತಿರುವುದರಿಂದ ನಮ್ಮ ಸೀಮೆಯವರಿಗೆ ಮೋಟಾರು ಅಪರಿಚಿತವಲ್ಲ. ಆದರೆ ಈ ಸಂಕೇತಗಳ ಭಾಷೆ ಮನೆಮನೆಗೂ ತಿಳಿದಿಲ್ಲ. ಅಮೆರಿಕದಲ್ಲಿ ೧೯೯೬ರಲ್ಲಿ ಕಡ್ಡಾಯವಾದ ಈ ಏರ್ಪಾಡಿನಲ್ಲಿ, ಚಾಲಕನ ಮೊಣಕಾಲಿನ ಬಳಿ ೧೬ ರಂಧ್ರಗಳ ಕೊಂಡಿಯೊಂದಿರುತ್ತದೆ. ಮೊದಲಕ್ಷರ 'ಪಿ' ಆದರೆ ಯಂತ್ರ ಮತ್ತು ಗೇರು, 'ಬಿ' ಒಡಲು, 'ಸಿ' ಚೌಕಟ್ಟು, 'ಯು' ಗಣಕಗಳ ಪರಸ್ಪರ ಸಂಭಾಷಣೆ.

ಬಂಧುಗಳಿಗೆ ನಾವು ಹೇಳಿದ್ದಿಷ್ಟು. ಸಂಕೇತವನ್ನೂ, ದೋಷ ಕಂಡ ಕ್ಷಣದ ವೇಗ ಉಷ್ಣತೆಗಳನ್ನೂ ಬರೆದಿಟ್ಟುಕೊಳ್ಳದೆ ಅಳಿಸಗೊಡಬೇಡಿರಿ. ಬ್ಯಾಟರಿಯು ನಿಂತ ಗಾಡಿಯಲ್ಲಿ ಸುಮಾರು ೧೨.೬ ವೋಲ್ಟನ್ನೂ, ಯಂತ್ರ ಓಡುವಾಗ ಸಾಮಾನ್ಯವಾಗಿ ೧೩.೫ರಿಂದ ೧೪.೫ ವೋಲ್ಟನ್ನೂ ತೋರಬೇಕು. ಇದು ಕುಗ್ಗಿದರೆ ನಿರಪರಾಧಿ ಭಾಗಗಳ ಮೇಲೂ ದೂರು ಹುಟ್ಟುತ್ತದೆ. ಅನಂತರ ಭೂಸಂಪರ್ಕದ ತಂತಿ ಸಡಿಲವೇ, ಕೊಂಡಿಯಲ್ಲಿ ಹಸುರು ಕಿಲುಬಿದೆಯೇ ನೋಡಿಸಿರಿ. ಕೊನೆಗೆ, ಸೆನ್ಸರಿನಿಂದ ಗಣಕದವರೆಗೆ ಒಂದೊಂದು ತಂತಿಯನ್ನೂ ಮೀಟರಿನಿಂದ ಅಳೆಯಿಸಿರಿ. ಇದಕ್ಕೆ ಬೇಕಾದುದು ತಾಳ್ಮೆ. ನಮ್ಮ ಅನೇಕ ಕಾರ್ಯಾಗಾರಗಳಲ್ಲಿ ಸಿಕ್ಕದ ಬಿಡಿಭಾಗವೂ ಅದೇ. (ಏರ್‌ಬ್ಯಾಗಿನ ಹಳದಿ ತಂತಿಗಳನ್ನಾಗಲಿ, ವಿದ್ಯುತ್ ಗಾಡಿಗಳ ಕಿತ್ತಳೆ ಬಣ್ಣದ ತಂತಿಗಳನ್ನಾಗಲಿ ಮನೆಯವರು ಮುಟ್ಟಲೇಬಾರದು.)

ರಾಮನಗರದ ಹಿರಿಯ ಮೋಟಾರು ವಿದ್ಯುತ್ ಕೆಲಸದವರೊಬ್ಬರು ಅರ್ಧ ದಿನ ಹುಡುಕಿದರು. ಗಾಡಿಯು ಹುಲ್ಲಿನ ಮೆದೆಯ ಪಕ್ಕದಲ್ಲಿ ನಿಲ್ಲುತ್ತಿದ್ದಿತಷ್ಟೆ. ಇಲಿ ಕಡಿದು, ತಾಮ್ರ ಹೊರಬಿದ್ದು, ಕುಲುಕಿದಾಗ ಮಾತ್ರ ಬಿಟ್ಟುಹೋಗುತ್ತಿದ್ದ ತಂತಿಯೊಂದು ಸಿಕ್ಕಿತು. ಬೆಸುಗೆ ಹಾಕಿ, ಮೇಲೊಂದು ಕವಚ ತೊಡಿಸಿದರು. ಗಣಕವು ಹಳೆಯದೇ ಇದೆ. ತಾಯಿಯವರು ಅದೇ ಗಾಡಿಯಲ್ಲಿ ಎರಡು ಬಾರಿ ಬೆಂಗಳೂರಿಗೆ ಹೋಗಿಬಂದರು. ಮೆದೆಯನ್ನು ಮಾತ್ರ ಇನ್ನೂ ಬೇರೆಡೆಗೆ ಹಾಕಿಸಿಲ್ಲವಂತೆ.