ನಮ್ಮ ಹೆಸರಿನ ಮೇಲೆ ಯಾರ ಹತೋಟಿ?

ಒಬ್ಬನ ಹೊಲ, ಮನೆ, ದನಕರುಗಳು ಅವನ ಸ್ವತ್ತೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಅವನ ಹೆಸರು, ವಯಸ್ಸು, ಬೆರಳಚ್ಚು, ಸಾಲದ ಲೆಕ್ಕ ಮೊದಲಾದ ವಿವರಗಳು ಯಾರ ವಶದಲ್ಲಿರಬೇಕು? ಇದು ನಗರದ ಪಂಡಿತರ ಚರ್ಚೆಗೆ ಮಾತ್ರ ತಕ್ಕ ವಿಷಯವೆಂದು ಭಾವಿಸುವವರು ಕಲಬುರಗಿ ಜಿಲ್ಲೆಯ ಆಳಂದದಲ್ಲಿ ನಡೆದುದನ್ನು ಗಮನಿಸಬೇಕು.

2023ರ ವಿಧಾನಸಭಾ ಚುನಾವಣೆಗೆ ಕೆಲವು ತಿಂಗಳು ಮುಂಚೆ, ಆ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಬೇಕೆಂದು ಕೋರುವ 6,018 ಅರ್ಜಿಗಳು ಅಂತರ್ಜಾಲದ ಮೂಲಕ ಬಂದವು. ಅಧಿಕಾರಿಗಳು ಪರಿಶೀಲಿಸಲಾಗಿ ಸರಿಯಾದವು 24 ಮಾತ್ರ. ಉಳಿದ 5,994 ಅರ್ಜಿಗಳು ತಿರಸ್ಕೃತವಾದವು. ಅರ್ಜಿದಾರರೆಂದು ಯಾರ ಹೆಸರು ನಮೂದಾಗಿದ್ದಿತೋ ಅವರಲ್ಲಿ ಕೆಲವರು ತಮಗೆ ಆ ಸಂಗತಿಯೇ ತಿಳಿಯದೆಂದರು. ಈ ಕೃತ್ಯ ಯಾರದೆಂಬುದನ್ನು ನ್ಯಾಯಾಲಯ ನಿರ್ಣಯಿಸಲಿ. ನಾವಿಲ್ಲಿ ಆಲೋಚಿಸಬೇಕಾದುದು ಬೇರೆ: ಒಬ್ಬನ ಹೆಸರಿನಲ್ಲಿ ಇನ್ನೊಬ್ಬನು ಮಾತನಾಡುವುದು ಅಷ್ಟು ಸುಲಭವಾದುದು ಹೇಗೆ?

ಮತದಾರರ ಪಟ್ಟಿ ಗುಟ್ಟಾದುದಲ್ಲ. ಅದನ್ನು ಯಾರಾದರೂ ನೋಡಬಹುದು. ಆದುದರಿಂದ ಮಾಹಿತಿಯನ್ನು ಮುಚ್ಚಿಡುವುದೊಂದೇ ರಕ್ಷಣೆಯಾಗಲಾರದು. ನಮ್ಮ ಹೆಸರಿನ ದಾಖಲೆಯನ್ನು ಯಾರು ಮುಟ್ಟಿದರು, ಏತಕ್ಕೆ ಮುಟ್ಟಿದರು ಎಂಬುದು ನಮಗೆ ತಿಳಿಯಬೇಕು. ನಮ್ಮ ಒಪ್ಪಿಗೆಯಿಲ್ಲದೆ ನಮ್ಮ ಪರವಾಗಿ ಯಾರೂ ಸಹಿ ಹಾಕುವಂತಿರಬಾರದು. ಹತೋಟಿಯೆಂದರೆ ಇದೇ.

ಹಿಂದೆ ಈ ಸೀಮೆಯ ಪಹಣಿ ಊರ ಪಟವಾರಿಯ ದಫ್ತರದಲ್ಲಿರುತ್ತಿದ್ದಿತು. ಅವನು ಅದನ್ನು ತಿದ್ದಿದರೂ ಓದುಬರಹವಿಲ್ಲದ ರೈತನಿಗೆ ತಿಳಿಯುತ್ತಿರಲಿಲ್ಲ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ಕರ್ನಾಟಕದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅದರಿಂದಾದ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ದಫ್ತರ ದೊಡ್ಡದಾದಂತೆ ಅದು ಮನೆಯಿಂದ ದೂರವೂ ಆಯಿತು. ಪಟವಾರಿಯನ್ನು ಚಾವಡಿಯಲ್ಲಿ ನಿಲ್ಲಿಸಿ ಕೇಳಬಹುದಾಗಿದ್ದಿತು. ದೂರದ ಯಂತ್ರವನ್ನು ಕೇಳುವುದೆಂತು?

ವಿಜ್ಞಾನವು ಇದಕ್ಕೆ ದಾರಿ ತೋರಿಸಿದೆ. 1976ರಲ್ಲಿ ಅಮೆರಿಕದ ಡಿಫಿ ಮತ್ತು ಹೆಲ್ಮನ್ ಎಂಬಿಬ್ಬರು ಜೋಡಿ ಕೀಲಿಕೈಗಳ ತತ್ತ್ವವನ್ನು ಪ್ರಕಟಿಸಿದರು. ಒಂದು ಕೀಲಿಕೈ ಒಡೆಯನ ಬಳಿ ಗುಪ್ತವಾಗಿರುತ್ತದೆ; ಇನ್ನೊಂದು ಲೋಕಕ್ಕೆಲ್ಲ ಬಹಿರಂಗ. ಮೊದಲನೆಯದರಿಂದ ಹಾಕಿದ ಸಹಿಯನ್ನು ಎರಡನೆಯದರಿಂದ ಯಾರಾದರೂ ಪರೀಕ್ಷಿಸಬಹುದು, ಆದರೆ ಅನುಕರಿಸಲಾಗದು. 1989ರಲ್ಲಿ ವಿಶ್ವವ್ಯಾಪಿ ಜಾಲವನ್ನು ಕಲ್ಪಿಸಿದ ಟಿಮ್ ಬರ್ನರ್ಸ್-ಲೀ ಅವರ ‘ಸಾಲಿಡ್’ ಯೋಜನೆಯ ಉದ್ದೇಶವೂ ಇಂತಹುದೇ: ಊರಿಗೆಲ್ಲ ಒಂದೇ ಹಗೇವಿರದೆ, ಮನೆಗೊಂದು ಹಗೇವಿದ್ದಂತೆ, ಪ್ರತಿಯೊಬ್ಬನ ವಿವರವೂ ಅವನ ವಶದಲ್ಲೇ ಇದ್ದು, ಬೇಕಾದವರು ಅವನ ಅಪ್ಪಣೆ ಪಡೆದು ಬೇಕಾದಷ್ಟನ್ನೇ ನೋಡಬೇಕು. ಎಸ್ಟೋನಿಯಾ ದೇಶದಲ್ಲಿ 2001ರಿಂದ ನಡೆದಿರುವ ‘ಎಕ್ಸ್-ರೋಡ್’ ವ್ಯವಸ್ಥೆಯಲ್ಲಿ ಇಲಾಖೆಗಳ ದಾಖಲೆಗಳು ಒಂದೆಡೆ ರಾಶಿ ಬೀಳದೆ ಬೇರೆಬೇರೆಯಾಗಿಯೇ ಇವೆ. ತನ್ನ ವಿವರವನ್ನು ಯಾವ ಕಚೇರಿ ನೋಡಿತೆಂಬುದನ್ನು ಪ್ರಜೆಯು ಬಹುಮಟ್ಟಿಗೆ ತಾನೇ ಅರಿಯಬಹುದು.

ಆದರೆ ಅಫಜಲಪುರ, ಜೇವರ್ಗಿಗಳ ಹಳ್ಳಿಯಲ್ಲಿ ಆ ಗುಪ್ತ ಕೀಲಿಕೈ ಯಾರ ಕೈಯಲ್ಲಿರುವುದು? ಮನೆಗೆ ಒಂದೇ ಮೊಬೈಲ್; ಅದೂ ಮಗನ ಬಳಿ. ಅರ್ಜಿ ತುಂಬುವವನು ಪೇಟೆಯ ಅಂಗಡಿಯವನು; ಒಟಿಪಿ ಬಂದೊಡನೆ ಅವನಿಗೇ ಓದಿಹೇಳುವುದು ವಾಡಿಕೆ. ಪುಣೆ, ಮುಂಬಯಿಗಳಿಗೆ ಗುಳೆ ಹೋದವನ ಹೆಸರನ್ನು ಕಾಯುವವರಾರು? ಕೀಲಿಕೈ ಕಳೆದುಹೋದರೆ ಕೇಳುವುದು ಯಾರನ್ನು? 2025ರಲ್ಲಿ ಚುನಾವಣಾ ಆಯೋಗವು ಅಂತರ್ಜಾಲದ ಅರ್ಜಿಗೆ ಆಧಾರ್ ಮೂಲಕ ಇ-ಸಹಿಯನ್ನು ಸೇರಿಸಿದುದು ಯುಕ್ತವೇ. ಆದರೂ ಆಳಂದದ ಮತದಾರರ ಹೆಸರುಗಳು ಉಳಿದುದು ಸ್ಥಳದಲ್ಲಿ ನಡೆದ ವಿಚಾರಣೆಯಿಂದಲೆಂಬುದನ್ನು ಮರೆಯಲಾಗದು. ಯಂತ್ರದ ಸಹಿಯೊಡನೆ ಊರನ್ನು ಬಲ್ಲ ಮನುಷ್ಯನ ಕಣ್ಣೂ ಇರಲೇಬೇಕು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. 2023ರಲ್ಲಿ ವೈಯಕ್ತಿಕ ಡಿಜಿಟಲ್ ದತ್ತಾಂಶ ರಕ್ಷಣಾ ಕಾಯಿದೆ ಬಂದಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಈ ಹಕ್ಕುಗಳು ಕಾಗದದಿಂದ ಕೇರಿಗೆ ಇಳಿಯಬೇಕಾದರೆ, ಯಾರ ಹೆಸರಿನ ದಾಖಲೆಯನ್ನೇ ಆಗಲಿ ತಿದ್ದುವ ಅರ್ಜಿ ಬಂದ ದಿನವೇ ಅವನಿಗೆ ಕನ್ನಡದಲ್ಲಿ ತಿಳಿವಳಿಕೆ ಹೋಗಬೇಕು. ಮೊಬೈಲ್ ಇಲ್ಲದವನಿಗೆ ಗ್ರಾಮ ಪಂಚಾಯಿತಿಯ ಮೂಲಕ ಮನೆಗೇ ಮುಟ್ಟಬೇಕು. ತನ್ನ ವಿವರವನ್ನು ಯಾರು ಯಾರು ನೋಡಿದರೆಂಬ ಪಟ್ಟಿಯನ್ನು, ಪಹಣಿಯ ನಕಲನ್ನು ಪಡೆಯುವಂತೆಯೇ, ಅವನು ಕೇಳಿ ಪಡೆಯುವಂತಾಗಬೇಕು.

ಇವೆರಡಕ್ಕೂ ಹೊಸದೊಂದು ಆವಿಷ್ಕಾರಕ್ಕಾಗಿ ಕಾಯಬೇಕಾಗಿಲ್ಲ. ಬೇಕಾದುದು ಸರಕಾರದ ಸಂಕಲ್ಪ ಮತ್ತು ‘ನನ್ನ ಹೆಸರನ್ನು ಮುಟ್ಟಿದವರಾರು?’ ಎಂದು ಕೇಳುವ ಪ್ರಜೆ.