ಬೀಟಮ್ಮನ ಹಿಂಡು ಮತ್ತು ನಮ್ಮ ಹೊಣೆ



ಬೆಳಗ್ಗೆ ಒಲೆಯ ಮೇಲೆ ಕಾಫಿಗೆ ನೀರಿಡುವಾಗ ಆ ಪುಡಿಯ ಹಿಂದೆ ಯಾರ ಕೈಗಳಿವೆ ಎಂದು ಯೋಚಿಸಿದ್ದೀರಾ? ಹಾಸನದಿಂದ ಬೇಲೂರಿನ ಕಡೆ ಹೋಗುವಾಗ ದೊಡ್ಡಗದ್ದವಳ್ಳಿ ಸಿಗುತ್ತದೆ. ಒಂಬೈನೂರು ವರ್ಷ ಹಳೆಯ ಹೊಯ್ಸಳ ದೇಗುಲವನ್ನೂ ಪಕ್ಕದ ಕೆರೆಯನ್ನೂ ನೋಡಲು ಜನ ಅಲ್ಲಿಗೆ ಬರುತ್ತಾರೆ. ಅಲ್ಲಿಂದ ಪಶ್ಚಿಮಕ್ಕೆ, ಆಲೂರು-ಸಕಲೇಶಪುರದ ಕಡೆ ಸಾಗಿದರೆ ಕಾಫಿ ತೋಟಗಳು ಶುರುವಾಗುತ್ತವೆ. ಆ ತೋಟಗಳಲ್ಲಿ ಹಣ್ಣು ಕೊಯ್ಯುವವರಲ್ಲಿ ಹೆಂಗಸರೇ ಹೆಚ್ಚು. ಮಂಜು ಕರಗುವ ಮೊದಲೇ ಅವರು ಕೆಲಸಕ್ಕೆ ಹೊರಡುತ್ತಾರೆ. ಅದೇ ಹೊತ್ತಿಗೆ ರಾತ್ರಿಯೆಲ್ಲ ಮೇದ ಕಾಡಾನೆಗಳೂ ತೋಟದೊಳಗೆ ಇರುತ್ತವೆ.

ಏಷ್ಯಾದ ಆನೆ ಅಳಿವಿನಂಚಿನ ಪ್ರಾಣಿಗಳ ಪಟ್ಟಿಯಲ್ಲಿದೆ. 2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳಿದ್ದವು. ಬೇರೆ ಯಾವ ರಾಜ್ಯದಲ್ಲೂ ಅಷ್ಟಿರಲಿಲ್ಲ. ದೂರದ ಊರಿನವರು ಇದನ್ನು ಓದಿ ಹೆಮ್ಮೆಪಡುತ್ತಾರೆ. ಆದರೆ ಆಲೂರಿನ ರೈತ ರಾತ್ರಿಯಿಡೀ ಭತ್ತದ ಗದ್ದೆ ಕಾಯುತ್ತಾನೆ. ಕೂಲಿಗೆ ಹೋದ ತಾಯಿ ಸಂಜೆ ಮನೆ ಸೇರುವವರೆಗೂ ಮಕ್ಕಳಿಗೆ ಸಮಾಧಾನವಿಲ್ಲ. ಆನೆ ಉಳಿಯಬೇಕೆಂಬ ಆಸೆ ನಮ್ಮೆಲ್ಲರದು, ಅದರ ಬೆಲೆ ತೆರುವವರು ಮಾತ್ರ ಬಡವರು. ಇದು ನ್ಯಾಯವೇ?

ಹಾಗಾದರೆ ಆನೆಗಳನ್ನೆಲ್ಲ ಹಿಡಿದು ಸಾಗಿಸಿದರಾಯಿತಲ್ಲ ಎಂದು ನೀವು ಕೇಳಬಹುದು. ಅದನ್ನೂ ಮಾಡಿ ನೋಡಿದ್ದಾಗಿದೆ. ಹೈಕೋರ್ಟ್ ನೇಮಿಸಿದ್ದ, ಪ್ರೊ. ರಾಮನ್ ಸುಕುಮಾರ್ ಅಧ್ಯಕ್ಷತೆಯ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಅದರಂತೆ 2014ರಲ್ಲಿ ಆಲೂರು-ಸಕಲೇಶಪುರ ಭಾಗದಿಂದ 22 ಆನೆಗಳನ್ನು ಹಿಡಿಯಲಾಯಿತು. ಆದರೂ ಬೇರೆ ಆನೆಗಳು ಬಂದವು. ನೀರು, ನೆರಳು, ಬಾಳೆ, ಹಲಸು, ಭತ್ತ ಎಲ್ಲವೂ ಇರುವ ಜಾಗವನ್ನು ಯಾವ ಪ್ರಾಣಿ ತಾನೇ ಬಿಟ್ಟೀತು? ಆನೆ ಹಿಡಿಯುವ ಕೆಲಸವೂ ಸುಲಭದ್ದಲ್ಲ. ಎಂಟು ವರ್ಷ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲೂಕಿನ ಕಾಡಿನಲ್ಲಿ, ಇಂಥದೇ ಕಾರ್ಯಾಚರಣೆಯಲ್ಲಿ ಕಾಡಾನೆಯೊಂದಿಗೆ ಕಾದಾಡಿ ಪ್ರಾಣಬಿಟ್ಟ.

ಇನ್ನೊಂದು ದಾರಿಯಿದೆ. ಆನೆ ಎಲ್ಲಿದೆ ಎಂದು ಜನರಿಗೆ ಮೊದಲೇ ತಿಳಿಸುವುದು. ಆನೆ ತುಳಿತಕ್ಕೆ ಸಿಕ್ಕವರಲ್ಲಿ ಹೆಚ್ಚಿನವರಿಗೆ ಪಕ್ಕದಲ್ಲೇ ಆನೆಯಿದ್ದದ್ದು ಗೊತ್ತೇ ಇರಲಿಲ್ಲ. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳಲ್ಲಿ 2011ರಿಂದ ಮೊಬೈಲ್ ಸಂದೇಶದ ಮೂಲಕ ಈ ಮಾಹಿತಿ ಕೊಡತೊಡಗಿದರು. ಮುಂದೆ ಹಾಸನದಲ್ಲೂ ಅರಣ್ಯ ಇಲಾಖೆ ಮತ್ತು ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸೇರಿ ಸಂದೇಶ, ಫೋನ್ ಕರೆ, ರಸ್ತೆ ಬದಿಯ ಫಲಕಗಳ ಮೂಲಕ ಇದನ್ನು ನಡೆಸಿದವು. ಆನೆಯ ಜಾಡು ಹಿಡಿದು ಸುದ್ದಿ ತರುವವರು ಅದೇ ಊರುಗಳ ಹುಡುಗರು.

ಆನೆಗಳದ್ದು ಹೆಣ್ಣಿನ ಯಜಮಾನಿಕೆಯ ಸಂಸಾರ. ಹಿರಿಯ ಹೆಣ್ಣಾನೆ ನಡೆದ ಕಡೆ ಮಕ್ಕಳು, ಮೊಮ್ಮಕ್ಕಳು, ತಂಗಿಯರು ನಡೆಯುತ್ತಾರೆ. ಆದ್ದರಿಂದ ಹಿಂಡಿನ ಒಂದು ಹೆಣ್ಣಾನೆಗೆ ರೇಡಿಯೋ ಕಾಲರ್ ತೊಡಿಸಿದರೆ ಇಡೀ ಹಿಂಡಿನ ಸುಳಿವು ಸಿಗುತ್ತದೆ. ಹಾಸನ-ಚಿಕ್ಕಮಗಳೂರು ಭಾಗದ ಜನರಿಗೆ ಬೀಟಮ್ಮ, ಭುವನೇಶ್ವರಿ ಎಂಬ ಹಿಂಡುಗಳ ಹೆಸರು ಪರಿಚಿತವಾದದ್ದು ಹೀಗೆ. ಗಂಡಾನೆ ಮಾತ್ರ ದೊಡ್ಡದಾದ ಮೇಲೆ ಹಿಂಡು ಬಿಟ್ಟು ಹೋಗುತ್ತದೆ. ಒಂಟಿ ಸಲಗವೇ ಹೆಚ್ಚು ಅಪಾಯಕಾರಿ, ಅದರಲ್ಲೂ ಮದವೇರಿದಾಗ.

ಇದರಲ್ಲಿ ನಮ್ಮ ಪಾಲೇನು? ಒಂದು ಕೆಲಸ ನಮ್ಮಿಂದಲೇ ಚೆನ್ನಾಗಿ ಆಗುವಂಥದ್ದು. ಮಲೆನಾಡಿನ ತೋಟಗಳ ಲೈನ್ ಮನೆಗಳಿಗೆ ಅಸ್ಸಾಂ, ಬಂಗಾಳದಿಂದ ಬಂದ ಕುಟುಂಬಗಳಿವೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಫಲಕದಲ್ಲಿ ಆನೆಯ ಸುದ್ದಿ ಬಂದರೂ ಅವರ ಪಾಲಿಗೆ ಅದು ಬರೀ ಗೆರೆ. ನಮ್ಮ ಮನೆಗಳಲ್ಲಿ ಉರ್ದು ಮಾತನಾಡುವವರಿದ್ದಾರೆ, ಹಿಂದಿ ತಿಳಿದವರಿದ್ದಾರೆ. ಆ ಹೆಂಗಸರ ಬಳಿ ಹೋಗಿ ಸಂದೇಶವನ್ನು ಓದಿ ಹೇಳಿ. ಅರಣ್ಯ ಇಲಾಖೆಯ ನಂಬರನ್ನು ಅವರ ಮೊಬೈಲಿನಲ್ಲಿ ಹಾಕಿಕೊಡಿ. ಎರಡೇ ನಿಮಿಷದ ಈ ಕೆಲಸ ಒಂದು ಜೀವ ಉಳಿಸಬಹುದು.

ಸ್ವಂತ ತೋಟವಿದ್ದವರು ಕೂಲಿಯವರನ್ನು ನಸುಕಿನಲ್ಲಿ ನಡೆಸಿಕೊಂಡು ಬರಬೇಡಿ, ಗಾಡಿ ಕಳಿಸಿ. ಆನೆಯ ಸುದ್ದಿ ಬಂದ ದಿನ ಆ ಭಾಗದ ಕೊಯ್ಲನ್ನು ಮುಂದಕ್ಕೆ ಹಾಕಿ. ಬೆಳೆ ಉಳಿಸಲೆಂದು ಬೇಲಿಗೆ ನೇರ ಕರೆಂಟು ಕೊಡುವುದನ್ನು ಯಾರೂ ಮಾಡಕೂಡದು. ಅದು ಕಾನೂನಿಗೆ ವಿರುದ್ಧ. ಆನೆಯ ಜೊತೆಗೆ ದನ ಕರು, ಮನೆಯ ಮಗುವನ್ನೂ ಅದು ಬಲಿ ತೆಗೆದುಕೊಳ್ಳಬಹುದು. ಮಾಗಿದ ಹಲಸು, ಬಾಳೆಗೊನೆ, ಉಪ್ಪಿನ ಮೂಟೆಯನ್ನು ಮನೆಯ ಹಿಂಬದಿಯಲ್ಲಿ ಇಡಬೇಡಿ, ಆನೆಗೆ ಅವುಗಳ ವಾಸನೆ ದೂರದಿಂದಲೇ ಬಡಿಯುತ್ತದೆ. ಮಕ್ಕಳಿಗೂ ಬುದ್ಧಿ ಹೇಳಿ. ರಸ್ತೆಯಲ್ಲಿ ಆನೆ ಕಂಡರೆ ಗಾಡಿ ನಿಲ್ಲಿಸಿ ವಿಡಿಯೋ ತೆಗೆಯುವುದು, ಕೂಗುವುದು, ಕಲ್ಲೆಸೆಯುವುದು ಆನೆಯನ್ನು ಕೆರಳಿಸುತ್ತದೆ. ಅದರ ಸಿಟ್ಟಿಗೆ ಸಿಗುವವರು ಹಿಂದೆ ನಡೆದು ಬರುವ ಬಡಪಾಯಿಗಳು.

ಊರಿಂದ ದೂರ ಇರುವ ಸಹೋದರಿಯರೂ ಕೈಜೋಡಿಸಬಹುದು. ಸದಕಾ ಎಂದು ತೆಗೆದಿಡುವ ಹಣದಲ್ಲಿ ಒಂದು ಪಾಲು ಲೈನ್ ಮನೆಯ ಅಂಗಳಕ್ಕೆ ಸೋಲಾರ್ ದೀಪವಾಗಲಿ, ರಾತ್ರಿ ಕಾಯುವ ವಾಚರನಿಗೆ ಒಳ್ಳೆಯ ಟಾರ್ಚ್ ಆಗಲಿ. ಆನೆ ದಾಳಿಯಲ್ಲಿ ದುಡಿಯುವ ಮಗನನ್ನು ಕಳೆದುಕೊಂಡ ಮನೆಗೆ ಹೋಗಿ, ಪರಿಹಾರದ ಅರ್ಜಿ ಬರೆದುಕೊಡಿ, ಆ ಮಕ್ಕಳ ಓದು ನಿಲ್ಲದಂತೆ ನೋಡಿಕೊಳ್ಳಿ. ಅಂಥ ಮನೆಯವರ ಮನಸ್ಸಿನಲ್ಲಿ ಆನೆಯ ಮೇಲೆ ಹಗೆ ಬೆಳೆದರೆ ಯಾವ ಕಾನೂನೂ ಆನೆಯನ್ನು ಉಳಿಸಲಾರದು.

ಆನೆಯ ನೆರೆಯಲ್ಲಿ ಬದುಕುವವರ ಜೀವ ಕಾಪಾಡಿದರೆ ಆನೆಯನ್ನೂ ಕಾಪಾಡಿದಂತೆ. ನಿಮ್ಮ ಊರಿನ ಹತ್ತಿರ ಇಂಥ ತೋಟಗಳಿದ್ದರೆ, ಈ ವಾರವೇ ಒಂದು ಲೈನ್ ಮನೆಗೆ ಹೋಗಿ ಬನ್ನಿ.