ಹ್ಯಾಮ್ ರೇಡಿಯೋಗೆ ಪ್ರತ್ಯೇಕ ಅರ್ಥಿಂಗ್ ಹಾಕಿಸಿದರೆ ಸಿಡಿಲಿನಿಂದ ಸುರಕ್ಷಿತವೇ?

ಏಪ್ರಿಲ್-ಮೇ ತಿಂಗಳಲ್ಲಿ ಬೆಳಗಾವಿ, ಖಾನಾಪುರದ ಕಡೆ ಮಧ್ಯಾಹ್ನ ಸುಡುಬಿಸಿಲು, ಸಂಜೆ ಗುಡುಗು-ಸಿಡಿಲಿನ ಮಳೆ. ಮಾಳಿಗೆಯ ಮೇಲೆ ಆಂಟೆನಾ ನಿಲ್ಲಿಸಿರುವ ಹ್ಯಾಮ್ ರೇಡಿಯೋ ಹವ್ಯಾಸಿಗಳಿಗೆ ಇದು ಆತಂಕದ ಕಾಲ. 2004ರ ಸುನಾಮಿಯ ವೇಳೆ ಅಂಡಮಾನ್‌ನಿಂದ ಹೊರಜಗತ್ತಿಗೆ ಸಂದೇಶ ಮುಟ್ಟಿಸಿದ್ದು ಇಂಥದೇ ರೇಡಿಯೋಗಳು. ಹಾಗಾಗಿ ಇವು ಕೆಟ್ಟರೆ ನಷ್ಟ ಮನೆಯವರಿಗಷ್ಟೇ ಅಲ್ಲ.

"ಆಂಟೆನಾಗೆ ಬೇರೆಯೇ ಅರ್ಥಿಂಗ್ ಹಾಕಿಸಿ, ಸಿಡಿಲು ಬಂದಾಗ ಸ್ವಿಚ್ ಆಫ್ ಮಾಡಿ, ಅಷ್ಟು ಸಾಕು" ಎಂದು ನಂಬುವವರು ಬಹಳ. ಇದು ನಿಜವೇ? ನೋಡೋಣ.

ಸ್ವಿಚ್ ಆಫ್ ಮಾಡಿದರೆ ಸಾಕೇ?

ಸಾಲದು. ಸ್ವಿಚ್ಚಿನೊಳಗಿನ ಅಂತರ ಕೆಲವೇ ಮಿಲಿಮೀಟರ್. ಕಿಲೋಮೀಟರ್‌ಗಟ್ಟಲೆ ಗಾಳಿಯನ್ನು ಸೀಳಿ ಬಂದ ಸಿಡಿಲಿಗೆ ಅದು ಲೆಕ್ಕಕ್ಕಿಲ್ಲ. ಫ್ಯೂಸ್ ಕರಗುವ ಮೊದಲೇ ಹಾನಿ ಆಗಿಹೋಗಿರುತ್ತದೆ.

ಪ್ರತ್ಯೇಕ ಅರ್ಥಿಂಗ್ ಏಕೆ ಅಪಾಯ?

ಸಾಮಾನ್ಯ ಸಿಡಿಲೊಂದರ ಗರಿಷ್ಠ ವಿದ್ಯುತ್ ಸುಮಾರು 30,000 ಆಂಪಿಯರ್. ಆಂಟೆನಾದ ಅರ್ಥಿಂಗ್ ರೋಧ 10 ಓಮ್ ಎಂದುಕೊಳ್ಳೋಣ. ಆ ರಾಡ್ ಕ್ಷಣಮಾತ್ರ 3 ಲಕ್ಷ ವೋಲ್ಟ್‌ಗೆ ಏರುತ್ತದೆ. ದೂರದಲ್ಲಿರುವ ಮನೆಯ ಅರ್ಥಿಂಗ್ ಅಷ್ಟು ಏರಿರುವುದಿಲ್ಲ. ರೇಡಿಯೋ ಮಾತ್ರ ಕೇಬಲ್ ಮೂಲಕ ಒಂದಕ್ಕೆ, ಪ್ಲಗ್ ಮೂಲಕ ಇನ್ನೊಂದಕ್ಕೆ ಜೋಡಿಸಿಕೊಂಡಿರುತ್ತದೆ. ವಿದ್ಯುತ್ ಅದರ ಮೂಲಕವೇ ಹಾಯುತ್ತದೆ. ಮೈಕ್ ಹಿಡಿದವರ ಜೀವಕ್ಕೇ ಕುತ್ತು.

ಖಾನಾಪುರದ ಕೆಂಪು ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿದಾಗ ಈ ರೋಧ ಇನ್ನೂ ಹೆಚ್ಚುತ್ತದೆ. ಮಳೆಗಾಲದಲ್ಲಿ ಅಳೆದು "ಚೆನ್ನಾಗಿದೆ" ಎಂದ ಅರ್ಥಿಂಗ್, ಸಿಡಿಲಿನ ಏಪ್ರಿಲ್‌ನಲ್ಲಿ ಹಾಗೇ ಇರುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಆಂಟೆನಾಗೆ ರಾಡ್ ಇರಲಿ, ಆದರೆ ಅದನ್ನು ಮನೆಯ ಅರ್ಥಿಂಗ್‌ಗೆ ದಪ್ಪ ತಾಮ್ರದ ಪಟ್ಟಿಯಿಂದ ಜೋಡಿಸಬೇಕು. ಆಗ ಎರಡೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ. ಈ ಕೆಲಸವನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಿ. ಕೇಬಲ್ ಮನೆಯೊಳಗೆ ಬರುವ ಜಾಗದಲ್ಲೇ ಸಿಡಿಲು ತಡೆ ಸಾಧನ ಹಾಕಿ, ಅದನ್ನೂ ಇದೇ ಅರ್ಥಿಂಗ್‌ಗೆ ಕೊಡಿ.

ಉಪ್ಪು-ಇದ್ದಿಲಿನ ಗುಂಡಿಯಾದರೆ ಉಪ್ಪು ಲೋಹವನ್ನು ತಿನ್ನುತ್ತದೆ. ವರ್ಷಕ್ಕೊಮ್ಮೆ, ಮಾರ್ಚ್‌ನಲ್ಲೇ ತೆರೆದು ನೋಡಿ, ತುಕ್ಕು ಹಿಡಿದ ಕ್ಲ್ಯಾಂಪ್ ಬದಲಿಸಿ. ಮಾಳಿಗೆಯ ಕನೆಕ್ಟರ್‌ಗಳಿಗೆ ನೀರಿಳಿಯದಂತೆ ಟೇಪ್ ಸುತ್ತಿ.

ಇಷ್ಟಾದರೂ ನೇರ ಸಿಡಿಲಿಗೆ ಪೂರ್ಣ ಖಾತರಿ ಇಲ್ಲ. ಮೋಡ ಕವಿಯುವ ಮೊದಲೇ ಆಂಟೆನಾ ಕೇಬಲ್ ಬಿಚ್ಚಿ ಮನೆಯ ಹೊರಗಿಡಿ, ಪ್ಲಗ್ ಕಿತ್ತಿಡಿ. ಪುಣೆಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಮುನ್ಸೂಚನೆ ಕೊಡುತ್ತದೆ. ಗುಡುಗು ಕೇಳಲು ಶುರುವಾಯಿತೆಂದರೆ ತಡವಾಯಿತು, ಆಗ ತಂತಿ ಮುಟ್ಟಬೇಡಿ. ಕೊನೆಯ ಗುಡುಗಿನ ನಂತರ 30 ನಿಮಿಷ ಕಾಯಿರಿ.

ಒಟ್ಟಿನಲ್ಲಿ, ಪ್ರತ್ಯೇಕ ಅರ್ಥಿಂಗ್ ಸುರಕ್ಷಿತ ಎಂಬುದು ತಪ್ಪು. ಸುರಕ್ಷತೆ ಇರುವುದು ಎಲ್ಲ ಅರ್ಥಿಂಗ್‌ಗಳನ್ನು ಒಂದಾಗಿಸುವುದರಲ್ಲಿ, ಮತ್ತು ಮೊದಲೇ ಬಿಚ್ಚಿಡುವುದರಲ್ಲಿ. ನಿಮ್ಮ ಮನೆಯ ಡಿಶ್ ಟಿವಿಗೂ ಇದೇ ಮಾತು ಅನ್ವಯಿಸುತ್ತದೆ.